ಸೀಟಿ ಮೇಸ್ತ್ರಿಯ ನೀರು

ಅವನ ಕೊರಳಲ್ಲಿ ಒಂದು ಕಪ್ಪು ದಾರ, ದಾರದ ತುದಿಗೆ ಒಂದು ಹಿತ್ತಾಳೆ ಸೀಟಿ. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ ಎಂದು ಅವನ ಹೆಂಡತಿಯೇ ಹೇಳಿಕೊಂಡು ನಗುತ್ತಿದ್ದಳು. ರಸ್ತೆಗೆ ಡಾಂಬರು ಹಾಕುವ ಇಪ್ಪತ್ತಾರು ಜನರ ಗುಂಪಿಗೆ ಅವನು ಮೇಸ್ತ್ರಿ. ಹದಿನೇಳು ಗಂಡಸರು, ಒಂಬತ್ತು ಹೆಂಗಸರು. ಅರ್ಧ ಗಂಟೆಗೊಂದು ಸಲ ಸೀಟಿ ಊದಿದನೆಂದರೆ ಕೈಯಲ್ಲಿ ಏನಿದ್ದರೂ ಇಳಿಸಬೇಕು, ನೀಲಿ ಡ್ರಮ್ಮಿನ ಮುಂದೆ ಸಾಲಾಗಿ ನಿಲ್ಲಬೇಕು, ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು. ಬಾಯಾರಿದೆಯೋ ಇಲ್ಲವೋ ಎಂದು ಯಾರೂ ಕೇಳುವಂತಿಲ್ಲ. "ಬಾಯಾರಿದ ಮೇಲೆ ಕುಡಿಯೋನು ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡೋನು," ಎನ್ನುತ್ತಿದ್ದ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲಿ ಬಿದ್ದುಹೋಯಿತೋ ಏನೋ, ಎಲ್ಲರ ಬಾಯಲ್ಲೂ ಅವನು ಸೀಟಿ ಮೇಸ್ತ್ರಿಯಾದ.

ನಗಬೇಡಿ. ಆ ಸೀಟಿಗೆ ಕಾರಣವಿತ್ತು. ಎರಡು ಬೇಸಿಗೆಯ ಹಿಂದೆ ಪಕ್ಕದ ಗುಂಪಿನಲ್ಲಿ ಜಲ್ಲಿ ಹರಡುತ್ತಿದ್ದ ಒಬ್ಬ ಆಳು, ಕಲ್ಲಿನಂಥ ಮೈಕಟ್ಟಿನವನು, ಮಧ್ಯಾಹ್ನ ಎರಡು ಗಂಟೆಗೆ "ಯಾಕೋ ತಲೆ ಸುತ್ತುತ್ತೆ" ಎಂದು ಕೂತವನು ಮತ್ತೆ ಏಳಲಿಲ್ಲ. ಅದಾದ ಮೇಲೆ ಕಂಪನಿಯವರು ಎಲ್ಲ ಮೇಸ್ತ್ರಿಗಳನ್ನೂ ಕೂಡಿಸಿ ಒಂದು ದಿನದ ಪಾಠ ಮಾಡಿಸಿದರು. ಫ್ಯಾನಿನ ಗಾಳಿಗೆ ಉಳಿದವರು ತೂಕಡಿಸಿದರೆ ನಮ್ಮವನು ಮುಂದಿನ ಕುರ್ಚಿಯಲ್ಲಿ ಕೂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದ. ಭಾರದ ಕೆಲಸ ಹನ್ನೆರಡರೊಳಗೆ ಮುಗಿಯಬೇಕು. ಹೊಸಬರಿಗೆ ಮೊದಲ ವಾರ ಅರ್ಧ ಕೆಲಸ. ಒಬ್ಬರ ಮೇಲೆ ಒಬ್ಬರು ಕಣ್ಣಿಡಲು ಜೋಡಿ ಕಟ್ಟಬೇಕು. ಯಾರಾದರೂ ಅಸಂಬದ್ಧ ಮಾತಾಡಿದರೆ, ತಡವರಿಸಿದರೆ, ಮೈ ಸುಡುತ್ತಿದ್ದರೆ, ಒಂದು ಕ್ಷಣ ಕಾಯದೆ ನೆರಳಿಗೆ ಎಳೆದು ನೀರು ಸುರಿಯಬೇಕು. ಎಲ್ಲವನ್ನೂ ಮಾಡಿದ. ನೆರಳಿಗೆಂದು ನಾಲ್ಕು ಖಾಲಿ ಡ್ರಮ್ಮಿನಲ್ಲಿ ಮರಳು ತುಂಬಿ, ಕಂಬ ನೆಟ್ಟು, ಮೇಲೆ ಟಾರ್ಪಾಲು ಬಿಗಿದು, ರಸ್ತೆ ಮುಂದೆ ಹೋದಂತೆಲ್ಲ ಅದನ್ನೂ ಮುಂದಕ್ಕೆ ಸಾಗಿಸುತ್ತಿದ್ದ.

ಒಳ್ಳೆಯ ಕೆಲಸವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಕೆಲಸಕ್ಕೂ ಒಂದು ಅಮಲು ಇರುತ್ತದೆ, ಅದು ಮೆಲ್ಲಗೆ ತಲೆಗೇರುತ್ತದೆ. ಕಂಪನಿಯ ಸುರಕ್ಷತೆಯ ಅಧಿಕಾರಿ ಬಂದು ನೋಡಿ ಬೆನ್ನು ತಟ್ಟಿದ. ಡ್ರಮ್ಮಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದ. ಅಂದಿನಿಂದ ಮೇಸ್ತ್ರಿಗೆ ನೆಲ ಕಾಣದಾಯಿತು. ಬೇರೆ ಗುಂಪಿನವರು ಸಿಕ್ಕರೆ, "ನಿಮ್ಮಲ್ಲಿ ಎಷ್ಟು ಲೋಟ? ನಮ್ಮಲ್ಲಿ ಹದಿನಾರು!" ಎನ್ನುತ್ತಿದ್ದ. ಸಾಯಂಕಾಲ ಡ್ರಮ್ಮಿನೊಳಗೆ ಇಣುಕಿ ತಳ ಕಂಡರೆ ಸಾಕು, ಅವನಿಗೆ ಹೊಟ್ಟೆ ತುಂಬಿದಂತೆ. ಅದರಲ್ಲೂ ಹೆಂಗಸರೆಂದರೆ ಹೆಮ್ಮೆ. ಸೀಟಿ ಕೇಳಿದ ತಕ್ಷಣ ಮೊದಲು ಬರುವವರು ಅವರೇ. ಕುಡಿದು, ಮುಖ ತೊಳೆದು, ತಲೆಗೆ ಸುತ್ತಿದ ಬಟ್ಟೆಯನ್ನೂ ತೋಯಿಸಿಕೊಂಡು ಹೋಗುವರು. "ನೋಡ್ರೋ, ಆ ಹೆಣ್ಣುಮಕ್ಕಳನ್ನ ನೋಡಿ ಕಲೀರಿ!" ಎಂದು ಗಂಡಸರನ್ನು ಬೈಯುತ್ತಿದ್ದ.

ಆ ಒಂಬತ್ತು ಹೆಂಗಸರಲ್ಲಿ ಒಬ್ಬಳು ಅವನ ಸ್ವಂತ ಅಕ್ಕ.

ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೆಳಕು ಹರಿಯುವ ಮೊದಲೇ ಬಟ್ಟೆ ಒಗೆಯುವ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಹಾಗಾಗಿ ಅವನಿಗೆ ಉಣಿಸಿದ್ದು, ತಲೆ ಬಾಚಿದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ಅವರಿದ್ದದ್ದು ಏಳು ಮನೆಗಳ ಒಂದು ಸಾಲಿನಲ್ಲಿ. ಏಳು ಮನೆಗೂ ಸೇರಿ ಕೊನೆಯಲ್ಲಿ ಒಂದೇ ಕಕ್ಕಸು, ಅದರ ತಗಡಿನ ಬಾಗಿಲಿಗೆ ಚಿಲಕವಿಲ್ಲ. ಯಾರಾದರೂ ನೂಕಿಬಿಟ್ಟರೆ ಎಂದು ಅವನಿಗೆ ಜೀವ ಹೋಗುವಷ್ಟು ಹೆದರಿಕೆ. ಒಂದು ಸಲ ಮೂಲೆಮನೆಯ ಹುಡುಗರು ಬೇಕೆಂದೇ ನೂಕಿ, ಕೇಕೆ ಹಾಕಿ ನಕ್ಕಿದ್ದರು. ಆಮೇಲೆ ಎರಡು ದಿನ ಅವನು ಆ ಕಡೆ ಹೋಗದೆ ಹೊಟ್ಟೆ ಹಿಡಿದುಕೊಂಡು ಜ್ವರ ಬರಿಸಿಕೊಂಡ. ಅಂದಿನಿಂದ ಅಕ್ಕ ಬಾಗಿಲಿಗೆ ಒಂದು ಹುರಿ ಕಟ್ಟಿ, ಅದನ್ನು ಕೈಗೆ ಸುತ್ತಿಕೊಂಡು, ಬೆನ್ನು ತಿರುಗಿಸಿ ಹೊರಗೆ ನಿಲ್ಲುತ್ತಿದ್ದಳು. ಒಳಗಿನಿಂದ ಅವನು ಉಸಿರಿಗೊಂದು ಸಲ ಕೂಗುವನು: "ಅಕ್ಕಾ, ಇದೀಯಾ?" ಅವಳು ಹೊರಗಿನಿಂದ, "ಇದೀನಿ ಕಣೋ ಪುಟ್ಟಾ, ಎಲ್ಲಿಗೂ ಹೋಗಿಲ್ಲ." ಬಿಸಿಲಿದ್ದರೂ ಅಷ್ಟೇ, ಮಳೆ ಬಂದರೂ ಅಷ್ಟೇ. ಒಂದು ದಿನ, ಒಂದೇ ಒಂದು ದಿನವೂ ಅವಳು ಇದನ್ನು ಯಾರ ಮುಂದೆಯೂ ಹೇಳಿ ನಗಲಿಲ್ಲ.

ಅಕ್ಕನ ಗಂಡ ತೀರಿಕೊಂಡು, ಅವಳು ಗುಂಡಿ ಹೊಲಿಯುತ್ತಿದ್ದ ಕಾರ್ಖಾನೆಯೂ ಮುಚ್ಚಿದಾಗ, ಮೇಸ್ತ್ರಿ ತಾನಾಗಿಯೇ ಅವಳನ್ನು ಗುಂಪಿಗೆ ಸೇರಿಸಿಕೊಂಡ. ಸೇರಿಸಿಕೊಳ್ಳುವಾಗ ಒಂದು ಮಾತು ಹೇಳಿದ. "ನೋಡಕ್ಕ, ಮನೇಲಿ ನೀನು ಅಕ್ಕ, ನಾನು ತಮ್ಮ. ಕೆಲಸದ ಹತ್ರ ಮಾತ್ರ ನಾನು ಮೇಸ್ತ್ರಿ. ಅಲ್ಲಿ ತಮ್ಮ ಗಿಮ್ಮ ಅನ್ಬೇಡ. ಅಕ್ಕನಿಗೊಂದು ನ್ಯಾಯ ಉಳಿದೋರಿಗೊಂದು ನ್ಯಾಯ ಅಂತ ಜನ ಆಡ್ಕೋತಾರೆ."

"ಆಯ್ತು ಮೇಸ್ತ್ರಿಯೋರೇ," ಎಂದಳು ಅಕ್ಕ, ಅಲ್ಲೇ, ಅಡಿಗೆಮನೆಯಲ್ಲೇ, ನಗುತ್ತ. ಆಮೇಲೆ ಎರಡು ವರ್ಷ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ತಲೆಯ ಮೇಲೆ ಜಲ್ಲಿಯ ಬಾಂಡ್ಲಿ ಹೊತ್ತು ಅವನ ಪಕ್ಕದಲ್ಲೇ ಹಾದುಹೋದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಆ ವರ್ಷ ಅವರ ರಸ್ತೆ ಊರು ದಾಟಿ ಬಯಲಿಗೆ ಬಂತು. ಮೊದಲಾದರೆ ದಾರಿಯ ಎರಡೂ ಕಡೆ ಪೊದೆ, ಪಾಳುಗೋಡೆ, ಮುರುಕು ಶೆಡ್ಡು ಏನಾದರೂ ಇರುತ್ತಿತ್ತು. ಹೆಂಗಸರು ಇಬ್ಬಿಬ್ಬರಾಗಿ ಹೋಗಿ ಬರುತ್ತಿದ್ದರು, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಕಣ್ಣು ಹಾಯುವವರೆಗೂ ಅಂಗೈಯಂತೆ ಬೋಳು ನೆಲ. ಮೊಣಕಾಲೆತ್ತರದ ಗಿಡವಿಲ್ಲ. ರಸ್ತೆಯ ಒಂದು ಪಕ್ಕದಲ್ಲಿ ದಿನವಿಡೀ ಲಾರಿ, ಬಸ್ಸು. ಗಂಡಸರಿಗೇನು, ರೋಲರಿನ ಹಿಂದೆ ಹೋಗಿ ನಿಂತರೆ ಮುಗಿಯಿತು.

ಬಯಲಿಗೆ ಬಂದ ಮೂರನೆಯ ದಿನ, ಊಟದ ಹೊತ್ತಿನಲ್ಲಿ, ಗುಡಿಸುವ ಹೆಂಗಸರ ಮುಂದಾಳು ಎದ್ದು ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಡಾಂಬರು ಬೀಳುವ ಮೊದಲು ಧೂಳು ಗುಡಿಸುವುದು ಅವಳ ಕೆಲಸವಾದ್ದರಿಂದ ಎಲ್ಲರೂ ಪೊರಕೆಯಮ್ಮ ಎನ್ನುತ್ತಿದ್ದರು. ಯಾರಿಗೂ ಹೆದರದವಳು ಅಂದು ಮಾತ್ರ ನೆಲ ನೋಡುತ್ತ ನಿಂತಳು.

"ಮೇಸ್ತ್ರಿಯೋರೇ, ಇನ್ನೊಂದು ಟಾರ್ಪಾಲು ಕಟ್ಟಿಸಿಕೊಡ್ತೀರಾ? ಸ್ವಲ್ಪ ದೂರಕ್ಕೆ. ಸುತ್ತ ಮರೆಯಾಗೋ ಹಾಗೆ."

"ನೆರಳಿಗೆ ಒಂದು ಇದೆಯಲ್ಲಮ್ಮ?"

"ನೆರಳಿಗಲ್ಲ."

ಅವನಿಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿ ಅವನನ್ನು ಉಳಿಸಲು ನನಗೆ ಮನಸ್ಸಿಲ್ಲ. ಚೆನ್ನಾಗಿಯೇ ಅರ್ಥವಾಯಿತು. ಆದರೆ ಸುತ್ತ ಹದಿನೇಳು ಗಂಡಸರು ತುತ್ತು ಕೈಯಲ್ಲಿ ಹಿಡಿದು ಕಿವಿ ನಿಮಿರಿಸಿದ್ದರು. ಮೇಸ್ತ್ರಿಗೂ ಮುಜುಗರವಾಯಿತು, ಮುಜುಗರವಾದರೆ ಗಂಡಸು ಮಾಡುವುದೊಂದೇ, ತಮಾಷೆ. "ಓಹೋ!" ಎಂದು ಎರಡು ಕೈಯನ್ನೂ ಮೇಲೆತ್ತಿದ. "ರಸ್ತೆ ಹಾಕೋದು ಬಿಟ್ಟು ರಾಣಿವಾಸ ಕಟ್ಟಿಸ್ಲಾ? ಬಾಗಿಲಿಗೆ ಒಬ್ಬ ಕಾವಲುಗಾರನ್ನೂ ಇಡ್ಲಾ, ಈಟಿ ಕೊಟ್ಟು?"

ನಗು ಭುಗಿಲೆಂದಿತು. ರೋಲರ್ ಡ್ರೈವರಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಪೊರಕೆಯಮ್ಮ ಹೋಗಿ ಕೂತಳು. ಅವಳ ಪಕ್ಕದಲ್ಲಿ ಅಕ್ಕ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಅವಳೊಂದು ಸಲ ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದಳು, ಆಮೇಲೆ ಬುತ್ತಿಯನ್ನು ಹಾಗೆಯೇ ಮತ್ತೆ ಕಟ್ಟಿದಳು. ವಾರವಿಡೀ ಹೆಂಗಸರು ನಡೆದು ಬಂದರೆ ಗಂಡಸರು "ದಾರಿ ಬಿಡ್ರಪ್ಪೋ, ರಾಣಿಯೋರು ಬಂದ್ರು" ಎನ್ನುತ್ತಿದ್ದರು. ಮೇಸ್ತ್ರಿ ಅದನ್ನು ಕೇಳಿ ಮೀಸೆಯಲ್ಲೇ ನಗುತ್ತಿದ್ದ, ತನ್ನ ಮಾತು ಅಷ್ಟು ಚಲಾವಣೆಗೆ ಬಂತಲ್ಲ ಎಂದು. ಟಾರ್ಪಾಲಿನ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ. ಬೇಕಿದ್ದರೆ ಮತ್ತೆ ಕೇಳುತ್ತಿದ್ದರು, ಕೇಳಲಿಲ್ಲವೆಂದರೆ ಬೇಡವಾಗಿದೆ ಎಂದುಕೊಂಡ. ಡ್ರಮ್ಮಂತೂ ದಿನವೂ ಖಾಲಿಯಾಗುತ್ತಿತ್ತು.

ಇದಾಗಿ ಹನ್ನೆರಡನೆಯ ದಿನ. ಬೆಳಿಗ್ಗೆ ಆರಕ್ಕೇ ಗಾಳಿ ಸತ್ತಿತ್ತು. ಹನ್ನೊಂದಕ್ಕೆ ಹತ್ತನೆಯ ಸೀಟಿ ಊದಿ, ಎಲ್ಲರೂ ಸಾಲಾಗಿ ಬಂದು ಹೋಗಿ, ಹತ್ತು ನಿಮಿಷವಾಗಿರಬೇಕು. "ಮೇಸ್ತ್ರೀ!" ಎಂದು ಪೊರಕೆಯಮ್ಮ ಕಿರುಚಿದಳು. ಅಕ್ಕನ ಜೋಡಿ ಅವಳೇ. ನೋಡಿದರೆ ಅಕ್ಕ ತುಂಬಿದ ಬಾಂಡ್ಲಿಯನ್ನು ತಲೆಯ ಮೇಲೆ ಹೊತ್ತುಕೊಂಡು ಜಲ್ಲಿಗುಡ್ಡೆಯ ಸುತ್ತ ಸುತ್ತುತ್ತಿದ್ದಾಳೆ. ಇಳಿಸುತ್ತಿಲ್ಲ, ನಿಲ್ಲುತ್ತಲೂ ಇಲ್ಲ. ಅವನು ಓಡಿಹೋಗುವಷ್ಟರಲ್ಲಿ ಬಾಂಡ್ಲಿ ಬಿತ್ತು, ಹಿಂದೆಯೇ ಅವಳೂ ಬಿದ್ದಳು.

ಮುಟ್ಟಿದರೆ ಮೈ ಕಾದ ಹೆಂಚು. ಹಣೆಯಲ್ಲಿ ಒಂದು ಹನಿ ಬೆವರಿಲ್ಲ.

ಇಲ್ಲಿ ಅವನನ್ನು ಹೊಗಳಲೇಬೇಕು, ಕಲಿತದ್ದನ್ನು ಮರೆಯಲಿಲ್ಲ. ಎತ್ತಿ ನೆರಳಿಗೆ ತಂದ. ಡ್ರಮ್ಮಿನ ನೀರನ್ನು ಬಕೆಟ್ಟಿನಲ್ಲಿ ಮೊಗೆದು ನೆತ್ತಿಯಿಂದ ಕಾಲಿನವರೆಗೆ ಸುರಿಸಿದ. ಕುತ್ತಿಗೆಗೆ, ಕಂಕುಳಿಗೆ ಒದ್ದೆಬಟ್ಟೆ ಇಟ್ಟ. ಇಬ್ಬರಿಗೆ ರಟ್ಟು ಕೊಟ್ಟು ಗಾಳಿ ಬೀಸಲು ಹೇಳಿದ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯಬಾರದೆಂದು ಗೊತ್ತಿತ್ತು, ಹುಯ್ಯಲು ಬಂದವನ ಕೈಯನ್ನು ತಳ್ಳಿದ. ಉಸಿರು ಸರಾಗವಾಗಲೆಂದು ಅವಳನ್ನು ಮಗ್ಗುಲಿಗೆ ಹೊರಳಿಸಿದಾಗ ಬಾಯಿಂದ ಏನೋ ಜಾರಿ ಅವನ ಅಂಗೈಗೆ ಬಿತ್ತು. ಹಲ್ಲು ಎಂದು ಗಾಬರಿಯಾದ. ಹಲ್ಲಲ್ಲ. ಕಡಲೆಕಾಳಿನಷ್ಟು ದಪ್ಪದ, ನುಣ್ಣಗಿನ ಒಂದು ಬಿಳಿ ಕಲ್ಲು. ಏನೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಪಿಕಪ್ ಗಾಡಿಯ ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ ಪೊರಕೆಯಮ್ಮ ಕಾಲಿಗೆ ನೀರು ಹಾಕುತ್ತಿದ್ದಳು. ಆಸ್ಪತ್ರೆ ನಲವತ್ತು ನಿಮಿಷದ ದಾರಿ. ಅರ್ಧ ದಾರಿಗೆ ಅಕ್ಕನ ತುಟಿ ಅಲ್ಲಾಡಿತು. ಕಣ್ಣು ತೆರೆದಿದ್ದರೂ ಅದಕ್ಕೆ ಯಾರೂ ಕಾಣುತ್ತಿರಲಿಲ್ಲ. ಬಲಗೈ ಬೆರಳು ಗಾಳಿಯಲ್ಲಿ ಏನನ್ನೋ ಸುತ್ತಿಕೊಳ್ಳುತ್ತಿತ್ತು. ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ.

"ಇದೀನಿ ಕಣೋ ಪುಟ್ಟಾ," ಎನ್ನುತ್ತಿದ್ದಳು. "ಎಲ್ಲಿಗೂ ಹೋಗಿಲ್ಲ. ಹುರಿ ಹಿಡ್ಕೊಂಡೇ ಇದೀನಿ."

"ಏನಂತೆ?" ಎಂದಳು ಪೊರಕೆಯಮ್ಮ.

"ಏನೋ... ಚಿಕ್ಕಂದಿಂದು," ಎಂದ. ಒದ್ದೆಬಟ್ಟೆಯನ್ನು ಮತ್ತೆ ಹಿಂಡಿ ಅವಳ ಹಣೆಗೆ ಇಟ್ಟ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಇವನು ಕೂತ. ಗಂಟೆಯ ಮೇಲೆ ಒಬ್ಬಳು ನರ್ಸಮ್ಮ ಬಂದಳು, ಕೈಯಲ್ಲಿ ಹಾಳೆ. "ನೀವು ಏನಾಗ್ಬೇಕು?"

"ಮೇ... ತಮ್ಮ. ತಮ್ಮ ಆಗ್ಬೇಕು."

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ರು?"

ಇದಕ್ಕೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಹತ್ತು ಲೋಟ. ಹತ್ತು ಸಲ ಸೀಟಿ ಊದಿದೀನಿ. ನಾನೇ ನಿಂತು ನೋಡಿದೀನಿ."

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹತ್ತು ಲೋಟನಾ? ಮೂತ್ರಕ್ಕೆ ನಳಿಕೆ ಹಾಕಿ ಒಂದು ಗಂಟೆ ಆಯ್ತು. ಚೀಲಕ್ಕೆ ಎರಡು ಚಮಚ ಬಂದಿಲ್ಲ, ಬಂದಿದ್ದೂ ಕಪ್ಪು ಚಹಾದ ಬಣ್ಣ. ಆ ಮೈಗೆ ಬೆಳಿಗ್ಗೆಯಿಂದ ಒಂದು ಗುಟುಕೂ ಬಿದ್ದಿಲ್ಲ." ಹಾಳೆಯಲ್ಲಿ ಏನೋ ಬರೆದುಕೊಂಡು, ತಲೆಯೆತ್ತದೆಯೇ ಕೇಳಿದಳು. "ನಿಮ್ಮ ಕೆಲಸದ ಹತ್ರ ಹೆಂಗಸರು ಒಂದಕ್ಕೆ ಎಲ್ಲಿಗೆ ಹೋಗ್ತಾರೆ?"

ಮೇಸ್ತ್ರಿ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ನರ್ಸಮ್ಮನಿಗೆ ಅಷ್ಟೇ ಸಾಕಾಯಿತು, ಇಂಥವರನ್ನು ಅವಳು ಬಹಳ ಜನ ನೋಡಿರಬೇಕು. ಚಪ್ಪಲಿ ಸದ್ದು ಮಾಡುತ್ತ ಒಳಗೆ ಹೋದಳು.

"ಹತ್ತು ಲೋಟ ಅಂತೆ!" ಎಂದಳು ಬೆಂಚಿನ ಆ ತುದಿಯಲ್ಲಿದ್ದ ಪೊರಕೆಯಮ್ಮ. ಇಷ್ಟು ಹೊತ್ತು ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. "ಬಾಯಿ ಮುಕ್ಕಳಿಸಿ ಉಗೀತಿದ್ವಿ. ಮುಖಕ್ಕೆ ಹಾಕ್ಕೋತಿದ್ವಿ. ತಲೆಬಟ್ಟೆ ನೆನೆಸ್ಕೋತಿದ್ವಿ. ಉಳಿದಿದ್ದು ಮಣ್ಣಿಗೆ. ನೀವು ಡ್ರಮ್ ಖಾಲಿ ಆಯ್ತು ಅಂತ ಕುಣೀತಿದ್ರಿ. ಬೆಳಿಗ್ಗೆ ಎದ್ದಾಗಿಂದ ಸಂಜೆ ಮನೆ ಸೇರೋವರೆಗೂ ಒಂಬತ್ತು ಜನಾನೂ ಒಂದು ಹನಿ ನುಂಗಿಲ್ಲ. ಹನ್ನೆರಡು ದಿನ."

"ಯಾಕೆ?" ಎಂದ. ಗೊತ್ತಿದ್ದೂ ಕೇಳಿದ.

"ಯಾಕೆ ಅಂದ್ರೆ? ರಾಣಿವಾಸ ಕಟ್ಟಿಸ್ಲಿಲ್ವಲ್ಲ ಮೇಸ್ತ್ರಿಯೋರೇ, ಅದಕ್ಕೆ."

ಅವನ ಕೈ ಜೇಬಿಗೆ ಹೋಯಿತು. ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದ. ಪೊರಕೆಯಮ್ಮ ತನ್ನ ಕೆನ್ನೆಯೊಳಗೆ ನಾಲಿಗೆ ಆಡಿಸಿ, ಅಂಥದೇ ಒಂದು ಕಲ್ಲನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. "ಬಾಯಲ್ಲಿ ಕಲ್ಲಿದ್ರೆ ಎಂಜಲು ಊರುತ್ತೆ, ನಾಲಿಗೆ ಒಣಗಲ್ಲ. ನಿಮ್ಮಕ್ಕನೇ ಹೇಳಿಕೊಟ್ಟಿದ್ದು ನಮಗೆಲ್ಲ. ಜಲ್ಲೀಲಿ ನುಣ್ಣಗಿರೋದನ್ನ ಆರಿಸಿ ಒಂಬತ್ತು ಜನಕ್ಕೂ ಹಂಚಿದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನು ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ, ಆ ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತಿತ್ತು. ಈಟಿ ಕೊಟ್ಟು ಕಾವಲುಗಾರನ್ನ ಇಡ್ಲಾ ಎಂದಿದ್ದ. ಯಾರ ಮುಂದೆ ಎಂದಿದ್ದ? ತಗಡಿನ ಬಾಗಿಲಿನ ಮುಂದೆ ಬಿಸಿಲಲ್ಲಿ ಹುರಿ ಹಿಡಿದು ನಿಂತವಳ ಮುಂದೆ. ಮೂಲೆಮನೆಯ ಹುಡುಗರು ಬಾಗಿಲು ನೂಕಿ ನಕ್ಕಿದ್ದನ್ನು ನಲವತ್ತು ವರ್ಷ ಮರೆಯದವನು, ತಾನೇ ಹೋಗಿ ಆ ಹುಡುಗರ ಸಾಲಿನಲ್ಲಿ ನಿಂತಿದ್ದ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತೇನೆ ಎನ್ನಿಸಿತು ಅವನಿಗೆ. ಆಸ್ಪತ್ರೆಯ ನೆಲ ಬಾಯಿ ಬಿಡಲಿಲ್ಲ. ಒಬ್ಬ ಬಂದು ಕಾಲೆತ್ತಿ ಎಂದು ಹೇಳಿ ಅದನ್ನು ಒರೆಸಿಕೊಂಡು ಹೋದ.

ಮೂರನೆಯ ದಿನ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಜೀವ ಉಳಿಯಿತು. ಹೊತ್ತಿಗೆ ಸರಿಯಾಗಿ ನೀರು ಸುರಿದದ್ದೇ ಉಳಿಸಿದ್ದು ಎಂದು ಡಾಕ್ಟರು ಹೇಳಿದಾಗ, ಮೇಸ್ತ್ರಿಗೆ ಹೊಗಳಿಕೆಯ ಮಾತು ಕೆನ್ನೆಗೆ ಹೊಡೆದಂತಾಯಿತು. ಆದರೆ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆ, ಅವು ಯಾವಾಗ ಸುಧಾರಿಸಿಕೊಳ್ಳುತ್ತವೋ, ಪೂರ್ತಿ ಸುಧಾರಿಸುತ್ತವೋ ಇಲ್ಲವೋ ಈಗಲೇ ಹೇಳಲಾಗದು ಎಂದೂ ಹೇಳಿದರು. ಬಿಸಿಲ ಕೆಲಸ ಇನ್ನು ಇಲ್ಲ.

ಅವನು ಮಂಚದ ಪಕ್ಕ ತಲೆ ತಗ್ಗಿಸಿ ಕೂತ. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆ. "ನೀನಾದ್ರೂ ನನ್ನನ್ನ ಕೇಳಬಾರದಿತ್ತಾ ಅಕ್ಕ? ನಾನೇನು ಹೊರಗಿನೋನಾ?"

ಅಕ್ಕ ಛಾವಣಿಯ ಕಡೆ ನೋಡುತ್ತಿದ್ದಳು. "ಅವಳನ್ನ ಕಳಿಸಿದ್ದೇ ನಾನು ಕಣೋ."

"ಅದೇ, ನೀನೇ ಬಂದು..."

"ತಮ್ಮ ಆಗಿದ್ರೆ ಕೇಳ್ತಿದ್ದೆ," ಎಂದಳು ಅಕ್ಕ. "ಮೇಸ್ತ್ರೀನ ಹೇಗೆ ಕೇಳ್ಲಿ?"

ಕೋಪದಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳಿಗೆ ಕೋಪವಿರಲಿಲ್ಲ, ನಿಶ್ಶಕ್ತಿಯಷ್ಟೇ ಇತ್ತು. ಆ ಮಾತು ಹೇಳಿ ಕಣ್ಣು ಮುಚ್ಚಿದಳು.

ಮರುದಿನ ಕೆಲಸಕ್ಕೆ ಹೋದವನು ಯಾರನ್ನೂ ಕೇಳಲಿಲ್ಲ. ನಾಲ್ಕು ಡ್ರಮ್ಮಿಗೆ ಮರಳು ತಾನೇ ತುಂಬಿದ. ಕಂಬ ನೆಟ್ಟು ಸುತ್ತಲೂ ಆಳೆತ್ತರಕ್ಕೆ ಟಾರ್ಪಾಲು ಬಿಗಿದ. ಬಾಗಿಲಿಗೆ ಎರಡು ಪದರ ಗೋಣಿತಾಟು. ಒಳಗೆ ಗುಂಡಿ ತೋಡಿ, ಕಾಲಿಡಲು ಎರಡು ಚಪ್ಪಡಿ ಹಾಕಿ, ನೀರಿನ ಬಕೆಟ್ಟು, ಸಾಬೂನು, ಮಣ್ಣು, ಸಲಿಕೆ ಎಲ್ಲ ಇಟ್ಟ. ಹತ್ತು ಗಂಟೆಯ ಹೊತ್ತಿಗೆ ಅಂಗಿ ಹಿಂಡುವಂತಾಗಿತ್ತು. ಗಂಡಸರು ದೂರದಿಂದ ನೋಡಿದರು.

ಸೀಟಿ ಊದಿದ. ಹೆಂಗಸರು ಬಂದರು, ಬಾಯಿ ಮುಕ್ಕಳಿಸಿದರು, ಮುಖ ತೊಳೆದರು, ಹೋದರು. ಈಗ ಅವನು ಗಂಟಲನ್ನು ನೋಡುತ್ತಿದ್ದ. ಒಂದು ಗಂಟಲೂ ಆಡಲಿಲ್ಲ. ಟಾರ್ಪಾಲಿನ ಕಡೆಗೂ ಯಾರೂ ಹೋಗಲಿಲ್ಲ. ಎರಡನೆಯ ದಿನವೂ ಹೀಗೆಯೇ ಆಯಿತು. ಹೇಗೆ ಹೋದಾರು? ಹೋಗಬೇಕಾದರೆ ಹದಿನೇಳು ಜನರ ಕಣ್ಣೆದುರು ನೂರು ಹೆಜ್ಜೆ ನಡೆಯಬೇಕು. ಅಲ್ಲಿ ನಿಂತಿದ್ದದ್ದು ಬರೀ ಟಾರ್ಪಾಲಲ್ಲ, ಅವನು ಹೆಸರಿಟ್ಟ ರಾಣಿವಾಸ. ಕಂಬ ನೆಟ್ಟದ್ದು ಸುಲಭದ ಕೆಲಸವಾಗಿತ್ತು. ಕಷ್ಟದ್ದು ಇನ್ನೂ ಬಾಕಿ ಇತ್ತು, ಅದನ್ನು ಎರಡು ದಿನದಿಂದ ಅವನು ಮುಂದಕ್ಕೆ ತಳ್ಳುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ರೋಲರ್ ನಿಲ್ಲಿಸಲು ಹೇಳಿದ. ಎಲ್ಲರನ್ನೂ ಕರೆದ.

"ಅವತ್ತು ಈಯಮ್ಮ ಒಂದು ಮರೆ ಕೇಳಿದ್ಲು. ನಾನು ರಾಣಿವಾಸ ಅಂದೆ. ನನ್ನ ಬಾಯಿಗೆ ಮಣ್ಣು ಹಾಕ," ಎಂದ. "ನೀರು ಕುಡೀರಿ ಕುಡೀರಿ ಅಂತ ಎರಡು ವರ್ಷ ಸೀಟಿ ಊದಿದೆ. ಕುಡಿದಿದ್ದು ಎಲ್ಲಿಗೆ ಹೋಗ್ಬೇಕು ಅಂತ ಒಂದು ದಿನಾನೂ ಯೋಚನೆ ಮಾಡ್ಲಿಲ್ಲ. ಕೇಳೋಕೆ ಬಂದೋರನ್ನ ನಗೆಪಾಟಲು ಮಾಡಿದೆ. ನನ್ನಕ್ಕ ಆಸ್ಪತ್ರೇಲಿ ಬಿದ್ದಿರೋದು ಬಿಸಿಲಿಂದ ಅಲ್ಲ, ನನ್ನ ಬಾಯಿಂದ. ತಪ್ಪಾಯ್ತು. ಒಂಬತ್ತು ಜನಕ್ಕೂ ಹೇಳ್ತಿದೀನಿ, ತಪ್ಪಾಯ್ತು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ರೋಲರ್ ಡ್ರೈವರ್ ತಿರುಗಿ ಅವನ ತಲೆಗೊಂದು ಮೊಟಕಿದ. ಅಂದು ಕೆಮ್ಮು ಬರುವಷ್ಟು ನಕ್ಕವನು ಈ ಡ್ರೈವರೇ. ಈಗ ಅವನಿಗೂ ಕಣ್ಣೆತ್ತಲು ಆಗುತ್ತಿರಲಿಲ್ಲ.

ಪೊರಕೆಯಮ್ಮ ಪೊರಕೆಯನ್ನು ನೆಲಕ್ಕೂರಿಕೊಂಡು ನಿಂತಿದ್ದಳು. "ಅದೆಲ್ಲ ಸರಿ ಮೇಸ್ತ್ರಿಯೋರೇ. ಬಾಗಿಲಿಗೆ ಕಾವಲುಗಾರನ್ನ ಇಡ್ತೀನಿ ಅಂದಿದ್ರಲ್ಲ, ಎಲ್ಲಿ?"

ಮೇಸ್ತ್ರಿ ಟಾರ್ಪಾಲಿನ ಕಡೆ ತಿರುಗಿದ. ನಡೆದುಕೊಂಡು ಹೋದ. ಟಾರ್ಪಾಲಿನಿಂದ ಇಪ್ಪತ್ತು ಹೆಜ್ಜೆ ಈಚೆಗೆ, ಗುಂಪಿಗೂ ಅದಕ್ಕೂ ನಡುವೆ, ಟಾರ್ಪಾಲಿಗೆ ಬೆನ್ನು ಹಾಕಿ, ಗಂಡಸರ ಕಡೆ ಮುಖ ಮಾಡಿ ನಿಂತ. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಹದಿನೇಳು ಜನ ಒಬ್ಬೊಬ್ಬರಾಗಿ ಬೇರೆ ಕಡೆ ತಿರುಗಿದರು. ಆಮೇಲೆ ಪೊರಕೆಯಮ್ಮ ಅವನ ಪಕ್ಕದಲ್ಲೇ ಹಾದುಹೋದಳು. ಹಿಂದಿನಿಂದ ಇನ್ನೊಬ್ಬಳು, ಮತ್ತೊಬ್ಬಳು. ಅಂದು ಮಧ್ಯಾಹ್ನ ಸೀಟಿಗೆ ಬಂದ ಹೆಂಗಸರು ಲೋಟ ಎತ್ತಿ ಗಟಗಟ ಕುಡಿಯುವುದನ್ನು ಅವನು ನೋಡಿದ. ಎಂಟು ಜನ. ಒಬ್ಬಳು ಎರಡು ಲೋಟ ಕುಡಿದಳು. ನೋಡಲಾರದೆ ಮುಖ ತಿರುಗಿಸಿಕೊಂಡ.

ರಸ್ತೆ ದಿನಕ್ಕೆ ಇನ್ನೂರು ಮೀಟರು ಮುಂದೆ ಹೋಗುತ್ತದೆ. ಅದರ ಜೊತೆಗೆ ನಾಲ್ಕು ಡ್ರಮ್ಮು, ನಾಲ್ಕು ಕಂಬ, ಗುಂಡಿ ಮುಚ್ಚುವುದು, ಹೊಸ ಗುಂಡಿ ತೋಡುವುದು. ಇದನ್ನು ಅವನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಗಂಡಸರು ಈಗ ಬೆನ್ನ ಹಿಂದೆ ಅವನನ್ನು ಕಾವಲುಗಾರ ಎನ್ನುತ್ತಾರೆ. ಅವನ ಕಿವಿಗೂ ಬಿದ್ದಿದೆ. ಫೋಟೋ ತೆಗೆಸಿದ್ದ ಅಧಿಕಾರಿ ಮತ್ತೆ ಬಂದು, ಇದನ್ನೂ ಒಂದು ಫೋಟೋ ತೆಗೆಯೋಣ ಬನ್ನಿ ಎಂದಾಗ, "ಬೇಡ ಸಾರ್, ಎಲ್ಲಾ ಗುಂಪಿಗೂ ಒಂದೊಂದು ಕೊಡ್ಸಿ, ಅದು ಸಾಕು," ಎಂದು ಸಲಿಕೆ ಎತ್ತಿಕೊಂಡು ಹೋದ.

ಅಕ್ಕ ಈಗ ಅವನ ಮನೆಯಲ್ಲೇ ಇದ್ದಾಳೆ, ಕಿಟಕಿಯ ಪಕ್ಕದ ಮಂಚದಲ್ಲಿ. ಮೂತ್ರಪಿಂಡಕ್ಕೆ ಶಕ್ತಿ ಸಾಲದ್ದಕ್ಕೆ ಡಾಕ್ಟರು ನೀರು ಕಟ್ಟುಮಾಡಿದ್ದಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ, ಚಹಾ, ಸಾರು, ಮಾತ್ರೆಯ ಗುಟುಕು ಎಲ್ಲ ಸೇರಿ ಒಂದು ಬಾಟಲಿ. ಅದಕ್ಕಿಂತ ಹೆಚ್ಚಾದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಬಾಟಲಿಯ ಮೇಲೆ ಬಿಳಿ ಟೇಪು ಅಂಟಿಸಿ ಹೊತ್ತುಹೊತ್ತಿಗೆ ಗೆರೆ ಎಳೆದವನು ಮೇಸ್ತ್ರಿಯೇ. ಇಪ್ಪತ್ತಾರು ಜನರಿಗೆ ಕುಡೀರಿ ಕುಡೀರಿ ಎಂದವನು ಮನೆಗೆ ಬಂದು ಒಬ್ಬಳಿಗೆ ಸಾಕು ಎನ್ನಬೇಕು.

ಮೊನ್ನೆ ಸಂಜೆ ಕೆಲಸದಿಂದ ಬಂದಾಗ ಬಾಟಲಿಯ ನೀರು ರಾತ್ರಿಯ ಗೆರೆಗೆ ಬಂದಿತ್ತು. ಉಳಿದದ್ದು ಮಾತ್ರೆಗೆ. ಗೋಡೆ ಇನ್ನೂ ಬಿಸಿಯಾಗಿತ್ತು. ಅಕ್ಕ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡಳು.

"ಒಂದು ಗುಟುಕು ಕೊಡೋ."

ಅವನು ಬಾಟಲಿ ನೋಡಿದ, ನೆಲ ನೋಡಿದ. "ಇವತ್ತಿಂದು ಆಯ್ತಕ್ಕ. ಮಾತ್ರೆಗೆ ಅಷ್ಟೇ ಉಳಿದಿರೋದು."

"ಸರಿ ಬಿಡು," ಎಂದಳು. ಬೇಸರವೇನೂ ಮಾಡಿಕೊಳ್ಳಲಿಲ್ಲ. ಆಮೇಲೆ ಅವನ ಕಡೆಗೆ ಕೈ ಚಾಚಿದಳು. "ನನ್ನ ಕಲ್ಲು ನಿನ್ನ ಹತ್ರ ಇದೆಯಂತಲ್ಲ? ಪೊರಕೆಯಮ್ಮ ಹೇಳಿದ್ಲು. ಅದನ್ನಾದ್ರೂ ಕೊಡು. ಬಾಯಿ ಒಣಗ್ತಿದೆ."

ಅದು ಅವನ ಜೇಬಿನಲ್ಲೇ ಇತ್ತು. ಅಂದಿನಿಂದಲೂ ಅಲ್ಲೇ. ಬಚ್ಚಲಿಗೆ ಹೋಗಿ, ಕದ ಹಾಕಿಕೊಂಡು, ಎರಡು ಸಲ ತೊಳೆದ. ಮುಖವನ್ನೂ ತೊಳೆದುಕೊಂಡ. ಅಷ್ಟು ಹೊತ್ತಾಯಿತಲ್ಲ ಎಂದು ಮಂಚದಿಂದಲೇ ಅಕ್ಕ ಕೂಗಿದಳು, "ಪುಟ್ಟಾ, ಇದೀಯಾ?"

"ಇದೀನಿ ಅಕ್ಕ," ಎಂದು ಬಂದು, ಕಲ್ಲನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಗೋಡೆಯ ಕಡೆಗೆ ಹೊರಳಿದಳು.